ರಸೀದಿಯಲ್ಲಿ ಟ್ಯಾಕ್ಸ್ ಸೊನ್ನೆ ಅಂತ ಇದ್ದರೆ: ಅಮೆರಿಕದಲ್ಲಿ ಹೊರರಾಜ್ಯದಿಂದ ಆನ್‌ಲೈನ್ ತರಿಸಿದ್ದಕ್ಕೆ ಲೆಕ್ಕ ಹಾಕುವುದು ಹೇಗೆ

ಅಮೆರಿಕದಲ್ಲಿ ಆನ್‌ಲೈನ್ ಆರ್ಡರ್ ಮಾಡಿದ ಮೇಲೆ ಒಂದು ರಸೀದಿ ಬರುತ್ತದಲ್ಲ, ಅದರಲ್ಲಿ ‘ಟ್ಯಾಕ್ಸ್’ ಅಂತ ಒಂದು ಸಾಲು ಇರುತ್ತದೆ. ನಮ್ಮಲ್ಲಿ ಬಹಳ ಜನ ಒಟ್ಟು ಎಷ್ಟಾಯಿತು ಅಂತ ನೋಡಿ ಮುಂದೆ ಹೋಗುತ್ತಾರೆ, ಆ ಸಾಲನ್ನು ನೋಡುವುದೇ ಇಲ್ಲ. ನೋಡಿದವರಿಗೂ ಅಲ್ಲಿ 0.00 ಕಂಡರೆ ದುಡ್ಡು ಉಳಿಯಿತು ಅಂತ ಖುಷಿ. ಉಳಿದಿಲ್ಲ. ಆ ವಸ್ತುವಿಗೆ ನಿಮ್ಮ ರಾಜ್ಯದಲ್ಲಿ ತೆರಿಗೆ ಇದ್ದರೆ, ಅಂಗಡಿಯವರು ವಸೂಲಿ ಮಾಡದೆ ಬಿಟ್ಟದ್ದನ್ನು ನೀವೇ ರಾಜ್ಯಕ್ಕೆ ಕಟ್ಟಬೇಕು. ಇದಕ್ಕೆ ಯೂಸ್ ಟ್ಯಾಕ್ಸ್ ಅನ್ನುತ್ತಾರೆ.

ಹೆದರಬೇಡಿ, ಇದು ದೊಡ್ಡ ಕೆಲಸವಲ್ಲ. ಈಗ ನೂರಕ್ಕೆ ನೂರು ಅಲ್ಲದಿದ್ದರೂ ಹೆಚ್ಚಿನ ಆರ್ಡರ್‌ಗಳಿಗೆ ಟ್ಯಾಕ್ಸ್ ತಾನಾಗಿಯೇ ಹಿಡಿದುಕೊಂಡಿರುತ್ತಾರೆ. ನಿಮಗೆ ಉಳಿಯುವುದು ಚಿಲ್ಲರೆ ಕೆಲಸ: ಯಾವ ಆರ್ಡರ್ ತಪ್ಪಿಸಿಕೊಂಡಿದೆ ಅಂತ ಹುಡುಕುವುದು, ಅದಕ್ಕೆ ನಿಜವಾಗಿ ತೆರಿಗೆ ಇದೆಯಾ ಅಂತ ನೋಡುವುದು, ಇದ್ದರೆ ವರ್ಷಕ್ಕೊಮ್ಮೆ ರಿಟರ್ನ್‌ನಲ್ಲಿ ಸೇರಿಸುವುದು. ಆದರೆ ನಮ್ಮ ಜನಕ್ಕೆ ಇದು ಉಳಿದವರಿಗಿಂತ ಜಾಸ್ತಿ ಅನ್ವಯಿಸುತ್ತದೆ, ಯಾಕೆಂದರೆ ನಾವು ಸೀರೆ, ಬೆಳ್ಳಿ ದೀಪ, ಗ್ರೈಂಡರ್ ಅಂತ ಟ್ಯಾಕ್ಸ್ ಹಿಡಿಯದ ಚಿಕ್ಕ ಅಂಗಡಿಗಳಿಂದಲೇ ಜಾಸ್ತಿ ತರಿಸುತ್ತೇವೆ.

ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಎಂಆರ್‌ಪಿ ನೋಡಿ ಬೆಳೆದವರಿಗೆ ಇದು ಮೊದಮೊದಲು ತಲೆಗೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಚಿಕ್ಕಪೇಟೆಗೆ ಹೋಗಿ ಸೀರೆ ಕೊಂಡರೂ, ಮನೆಯಲ್ಲಿ ಕೂತು ಸೂರತ್‌ನಿಂದ ತರಿಸಿದರೂ ಜಿಎಸ್‌ಟಿ ದರ ಒಂದೇ. ಬೇರೆ ರಾಜ್ಯದಿಂದ ಬಂದರೆ ಅದು ಐಜಿಎಸ್‌ಟಿ ಆಗುತ್ತದೆ, ಕೇಂದ್ರವೂ ರಾಜ್ಯವೂ ತಮ್ಮ ತಮ್ಮಲ್ಲೇ ಹಂಚಿಕೊಳ್ಳುತ್ತವೆ, ಕೊಳ್ಳುವವರಿಗೆ ಅದರ ಗೊಡವೆ ಇಲ್ಲ.

ಇಲ್ಲಿ ಕೇಂದ್ರ ಸರ್ಕಾರದ ಸೇಲ್ಸ್ ಟ್ಯಾಕ್ಸ್ ಅನ್ನುವುದೇ ಇಲ್ಲ. 45 ರಾಜ್ಯಗಳು ಮತ್ತು ವಾಷಿಂಗ್ಟನ್ ಡಿಸಿ ತಮ್ಮದೇ ದರ, ತಮ್ಮದೇ ನಿಯಮ ಇಟ್ಟುಕೊಂಡಿವೆ. ಅದರ ಮೇಲೆ ಕೌಂಟಿ, ನಗರ, ಕೆಲವು ಕಡೆ ಬಸ್ಸು-ರೈಲಿನ ಖರ್ಚಿಗೆ ಅಂತ ಇನ್ನೊಂದಿಷ್ಟು ಸೇರುತ್ತದೆ. ಡೆಲವೇರ್, ಮೊಂಟಾನಾ, ನ್ಯೂ ಹ್ಯಾಂಪ್‌ಶೈರ್, ಆರೆಗಾನ್ ಮತ್ತು ಅಲಾಸ್ಕಾದಲ್ಲಿ ರಾಜ್ಯಮಟ್ಟದ ಸೇಲ್ಸ್ ಟ್ಯಾಕ್ಸ್ ಇಲ್ಲ, ಅಲಾಸ್ಕಾದ ಕೆಲವು ಊರುಗಳು ಮಾತ್ರ ಸ್ಥಳೀಯವಾಗಿ ಹಾಕುತ್ತವೆ. ಆರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಇರುವವರು ಈ ಬರಹವನ್ನು ಇಲ್ಲಿಗೇ ಮುಚ್ಚಬಹುದು. ಗಡಿ ದಾಟಿದರೆ ಸಿಗುವ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್‌ನಲ್ಲಿ ಇರುವವರು ಮುಚ್ಚಬೇಡಿ.

2018ರಲ್ಲಿ ಏನಾಯಿತು

ಇಲ್ಲಿಗೆ ಬಂದು ಹದಿನೈದು-ಇಪ್ಪತ್ತು ವರ್ಷ ಆದವರಿಗೆ ನೆನಪಿರಬಹುದು, ಆಗ ಎಷ್ಟೋ ಸೈಟುಗಳು ಟ್ಯಾಕ್ಸ್ ಹಾಕುತ್ತಲೇ ಇರಲಿಲ್ಲ. ಅದಕ್ಕೆ ಕಾರಣ ಕ್ವಿಲ್ ಅನ್ನುವ ಸ್ಟೇಷನರಿ ಕಂಪನಿಗೂ ನಾರ್ತ್ ಡಕೋಟಾ ರಾಜ್ಯಕ್ಕೂ ನಡೆದ ಕೇಸು. 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಮಾರುವವರಿಗೆ ಆ ರಾಜ್ಯದೊಳಗೆ ಅಂಗಡಿ, ಗೋದಾಮು, ಕೆಲಸಗಾರರು ಹೀಗೆ ಏನಾದರೂ ಇದ್ದರೆ ಮಾತ್ರ ಟ್ಯಾಕ್ಸ್ ವಸೂಲಿ ಮಾಡಿ ಅಂತ ರಾಜ್ಯ ಒತ್ತಾಯಿಸಬಹುದು. 1967ರಲ್ಲಿ ಕ್ಯಾಟಲಾಗ್ ನೋಡಿ ಅಂಚೆಯಲ್ಲಿ ತರಿಸುವ ವ್ಯಾಪಾರಕ್ಕೆ ಹೇಳಿದ್ದ ಮಾತನ್ನೇ ಆಗ ಇನ್ನೊಮ್ಮೆ ಹೇಳಿದರು. ಇಂಟರ್ನೆಟ್ ಅಂಗಡಿಗಳು ಹುಟ್ಟಿ ಬೆಳೆದದ್ದು ಈ ನೆರಳಿನಲ್ಲೇ. ಅಮೆಜಾನ್ ಶುರುಮಾಡಲು ಜನ ಕಡಿಮೆ ಇರುವ ವಾಷಿಂಗ್ಟನ್ ರಾಜ್ಯವನ್ನು ಆರಿಸಿದ್ದಕ್ಕೆ ಇದೂ ಒಂದು ಕಾರಣ ಅಂತ ಜೆಫ್ ಬೆಜೋಸ್ ಅವರೇ ಹೇಳಿಕೊಂಡಿದ್ದರು. ಆ ಅಮೆಜಾನ್ ಸೇಲ್ಸ್ ಟ್ಯಾಕ್ಸ್ ಇರುವ ಎಲ್ಲ ರಾಜ್ಯಗಳಲ್ಲೂ ವಸೂಲಿ ಶುರುಮಾಡಿದ್ದು 2017ರ ಏಪ್ರಿಲ್ 1ರಿಂದ, ಅದೂ ತಾನು ನೇರವಾಗಿ ಮಾರುವ ಸಾಮಾನಿಗೆ ಮಾತ್ರ.

2018ರ ಜೂನ್ 21ಕ್ಕೆ ಸುಪ್ರೀಂ ಕೋರ್ಟ್ ತನ್ನ ಹಳೆಯ ಮಾತನ್ನು ತಾನೇ ತೆಗೆದುಹಾಕಿತು. ಸೌತ್ ಡಕೋಟಾ ರಾಜ್ಯ ಮತ್ತು ವೇಫೇರ್ ಅನ್ನುವ ಪೀಠೋಪಕರಣದ ಸೈಟಿನ ನಡುವಿನ ಕೇಸು, ತೀರ್ಪು 5-4. ವರ್ಷಕ್ಕೆ ಒಂದು ಲಕ್ಷ ಡಾಲರ್ ವ್ಯಾಪಾರ ಅಥವಾ 200 ಆರ್ಡರ್ ದಾಟಿದವರು, ರಾಜ್ಯದೊಳಗೆ ಒಂದು ಕುರ್ಚಿಯೂ ಇಲ್ಲದಿದ್ದರೂ ಟ್ಯಾಕ್ಸ್ ಹಿಡಿಯಬೇಕು ಅಂತ ಸೌತ್ ಡಕೋಟಾ ಮಾಡಿದ್ದ ಕಾನೂನಿಗೆ ಆಗ ದಾರಿ ಸಿಕ್ಕಿತು. ಆಮೇಲೆ ಉಳಿದ ರಾಜ್ಯಗಳೆಲ್ಲ ಸಾಲಾಗಿ ಬಂದವು. ಕೊನೆಗೆ ಬಂದದ್ದು ಮಿಸೌರಿ, 2023ರ ಜನವರಿ 1ರಿಂದ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. 2018ರಲ್ಲಿ ಹೊಸ ತೆರಿಗೆ ಬಂತು ಅಂದುಕೊಂಡಿದ್ದಾರೆ. ಹೊಸ ತೆರಿಗೆ ಬರಲಿಲ್ಲ, ವಸೂಲಿ ಮಾಡುವವರು ಬದಲಾದರು ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಯೂಸ್ ಟ್ಯಾಕ್ಸ್ 1935ರಿಂದಲೇ ಇದೆ, ವಾಷಿಂಗ್ಟನ್ ರಾಜ್ಯದ ಯೂಸ್ ಟ್ಯಾಕ್ಸ್ ಸರಿಯಾಗಿಯೇ ಇದೆ ಅಂತ ಸುಪ್ರೀಂ ಕೋರ್ಟ್ 1937ರಲ್ಲೇ ಹೇಳಿದೆ. ಆ ‘ಟ್ಯಾಕ್ಸ್ ಇಲ್ಲದ’ ಕಾಲದಲ್ಲೂ ಕೊಂಡವರು ಕಟ್ಟಬೇಕಿತ್ತು, ಯಾರೂ ಕಟ್ಟುತ್ತಿರಲಿಲ್ಲ. ಇನ್ನೂ ಕೆಲವರು ಇಂಟರ್ನೆಟ್ ಟ್ಯಾಕ್ಸ್ ಫ್ರೀಡಂ ಆಕ್ಟ್ ಅಂತ 1998ರ ಕಾನೂನು ಇದೆಯಲ್ಲ ಅಂತ ವಾದಿಸುತ್ತಾರೆ. ಅದು ಇಂಟರ್ನೆಟ್ ಸಂಪರ್ಕದ ಮೇಲೆ ತೆರಿಗೆ ಬೇಡ ಅನ್ನುವ ಕಾನೂನು. ಇಂಟರ್ನೆಟ್ ಮೂಲಕ ಕೊಂಡ ಮಿಕ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಮೊದಲ ಕೆಲಸ: ಯಾರಿಂದ ಕೊಂಡಿರಿ ಅಂತ ನೋಡುವುದು

ವರ್ಷದ ಕೊನೆಗೆ ಕ್ರೆಡಿಟ್ ಕಾರ್ಡ್ ಸ್ಟೇಟ್‌ಮೆಂಟ್ ಮತ್ತು ಈಮೇಲ್ ಇಟ್ಟುಕೊಂಡು ಒಮ್ಮೆ ಕೂತುಕೊಳ್ಳಿ. ಎಲ್ಲವನ್ನೂ ನೋಡಬೇಕಿಲ್ಲ. ಅಮೆಜಾನ್, ವಾಲ್‌ಮಾರ್ಟ್, ಈಬೇ, ಎಟ್ಸಿ ಇಂಥ ದೊಡ್ಡ ಸಂತೆಗಳಲ್ಲಿ ಕೊಂಡದ್ದನ್ನು ಪಕ್ಕಕ್ಕಿಡಿ. ಅಲ್ಲಿ ಯಾರು ಮಾರಿದರೂ ಟ್ಯಾಕ್ಸ್ ಹಿಡಿದು ಕಟ್ಟುವ ಹೊಣೆ ಸೈಟಿನದ್ದು. ಸೇಲ್ಸ್ ಟ್ಯಾಕ್ಸ್ ಇರುವ ಎಲ್ಲ ರಾಜ್ಯಗಳಲ್ಲೂ ಈಗ ಹೀಗೆಯೇ ಕಾನೂನಿದೆ. ಇದರಿಂದ ಒಂದು ತಮಾಷೆಯೂ ಆಗುತ್ತದೆ: ಜಯನಗರದ ಒಬ್ಬರೇ ವ್ಯಾಪಾರಿ ಎಟ್ಸಿಯಲ್ಲಿ ಮಾರಿದ ಸೀರೆಗೆ ಟ್ಯಾಕ್ಸ್ ಬೀಳುತ್ತದೆ, ಅದೇ ಸೀರೆಯನ್ನು ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಕೊಂಡರೆ ಬೀಳುವುದಿಲ್ಲ. ಎರಡನೆಯದು ನಿಮ್ಮ ಲೆಕ್ಕಕ್ಕೆ ಬರುತ್ತದೆ.

ನೀವು ಹುಡುಕಬೇಕಾದದ್ದು ಇಂಥವನ್ನು. ಸ್ವಂತ ಸೈಟ್ ಇಟ್ಟುಕೊಂಡು ಮಾರುವ ಚಿಕ್ಕ ಅಂಗಡಿಗಳು, ಅಂದರೆ ನಿಮ್ಮ ರಾಜ್ಯದಲ್ಲಿ ಅವರ ವ್ಯಾಪಾರ ಮಿತಿ ದಾಟಿರುವುದಿಲ್ಲ, ಆದ್ದರಿಂದ ಅವರು ಟ್ಯಾಕ್ಸ್ ಹಿಡಿಯದಿದ್ದರೆ ಅದು ಅವರ ತಪ್ಪೂ ಅಲ್ಲ. ಈ ಮಿತಿ ಬಹಳ ರಾಜ್ಯಗಳಲ್ಲಿ ಒಂದು ಲಕ್ಷ ಡಾಲರ್. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ ಐದು ಲಕ್ಷ, ನ್ಯೂಯಾರ್ಕ್‌ನಲ್ಲಿ ಐದು ಲಕ್ಷದ ಜೊತೆಗೆ ನೂರಕ್ಕಿಂತ ಜಾಸ್ತಿ ಆರ್ಡರ್ ಕೂಡ ಆಗಿರಬೇಕು. ಅಂದರೆ ದೊಡ್ಡ ರಾಜ್ಯಗಳಲ್ಲಿ ಇರುವವರಿಗೆ ಇಂಥ ‘ಸೊನ್ನೆ’ ರಸೀದಿ ಸಿಗುವ ಸಂಭವ ಜಾಸ್ತಿ. ಆಮೇಲೆ ಭಾರತದಿಂದ ನೇರವಾಗಿ ತರಿಸಿದ್ದು. ಆಮೇಲೆ ವಾಟ್ಸಾಪ್, ಇನ್‌ಸ್ಟಾಗ್ರಾಂ ಗುಂಪುಗಳಲ್ಲಿ ಜೆಲ್ (ಇಲ್ಲಿನ ಬ್ಯಾಂಕುಗಳ ನಡುವೆ ದುಡ್ಡು ಕಳಿಸುವ ಸೇವೆ) ಮೂಲಕವೋ ಊರಿನ ಅಕೌಂಟಿನಿಂದ ಯುಪಿಐ ಮೂಲಕವೋ ದುಡ್ಡು ಕಳಿಸಿ ತರಿಸಿದ್ದು. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಇವು ಕಾಣುವುದಿಲ್ಲ, ಹಾಗಾಗಿ ಇವನ್ನೇ ಮೊದಲು ಮರೆಯುತ್ತೇವೆ.

ಇನ್ನು ಡೆಲವೇರ್‌ಗೋ ಆರೆಗಾನ್‌ಗೋ ಹೋಗಿ ಲ್ಯಾಪ್‌ಟಾಪ್ ತಂದದ್ದು, ಅಥವಾ ಅಲ್ಲಿನ ಗೆಳೆಯರ ಮನೆಗೆ ಆನ್‌ಲೈನ್ ಆರ್ಡರ್ ಕಳಿಸಿ ವೀಕೆಂಡಿಗೆ ಹೋಗಿ ಎತ್ತಿಕೊಂಡು ಬಂದದ್ದು. ಇದನ್ನು ಬಹಳ ಜನ ಜಾಣತನ ಅಂದುಕೊಳ್ಳುತ್ತಾರೆ. ಲೆಕ್ಕದಲ್ಲಿ ಇದೂ ಯೂಸ್ ಟ್ಯಾಕ್ಸೇ. ವಸ್ತುವನ್ನು ಎಲ್ಲಿ ಬಳಸುತ್ತೀರಿ ಅನ್ನುವುದೇ ಮುಖ್ಯ, ಬಾಕ್ಸ್ ಯಾರ ಮನೆ ಬಾಗಿಲಿಗೆ ಬಂತು ಅನ್ನುವುದಲ್ಲ.

ಬಿಡಬೇಕಾದವನ್ನೂ ಹೇಳಿಬಿಡುತ್ತೇನೆ. ಮೈಸೂರಿನಲ್ಲಿರುವ ಅಪ್ಪ-ಅಮ್ಮನಿಗೆ ಇಲ್ಲಿ ಕೂತು ಭಾರತದ ಸೈಟಿನಲ್ಲಿ ಫ್ರಿಜ್ ಆರ್ಡರ್ ಮಾಡಿದರೆ ಅದಕ್ಕೂ ನಿಮ್ಮ ರಾಜ್ಯಕ್ಕೂ ಸಂಬಂಧವಿಲ್ಲ. ಅಮ್ಮ ಪ್ರೀತಿಯಿಂದ ಕೊಟ್ಟು ಕಳಿಸಿದ ಸೀರೆ ನೀವು ಕೊಂಡದ್ದಲ್ಲ. ಬೇರೆ ರಾಜ್ಯದ ಗೆಳತಿಗೆ ನೇರವಾಗಿ ಉಡುಗೊರೆ ಕಳಿಸಿದರೆ ಆಕೆಯ ವಿಳಾಸದ ದರ ಬೀಳುತ್ತದೆ, ನಿಮ್ಮದಲ್ಲ.

ಆ ವಸ್ತುವಿಗೆ ತೆರಿಗೆ ಇದೆಯಾ?

ರಸೀದಿಯಲ್ಲಿ ಸೊನ್ನೆ ಇದ್ದ ಮಾತ್ರಕ್ಕೆ ನೀವು ಬಾಕಿ ಅಂತಲೂ ಅಲ್ಲ. ಆ ವಸ್ತುವಿಗೆ ನಿಮ್ಮ ರಾಜ್ಯದಲ್ಲಿ ತೆರಿಗೆ ಇಲ್ಲದೆಯೂ ಇರಬಹುದು. ಇಲ್ಲಿ ರಾಜ್ಯಗಳ ನಡುವೆ ಇರುವ ವ್ಯತ್ಯಾಸ ನೋಡಿದರೆ ನಗು ಬರುತ್ತದೆ.

400 ಡಾಲರ್‌ನ ಒಂದು ರೇಷ್ಮೆ ಸೀರೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಅಂಗಡಿ ಟ್ಯಾಕ್ಸ್ ಹಿಡಿಯದೆ ಕಳಿಸಿದೆ. ನೀವು ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದರೆ ಕಟ್ಟಬೇಕಾದದ್ದು ಏನೂ ಇಲ್ಲ, ಅಲ್ಲಿ ಬಟ್ಟೆಗೆ ಸೇಲ್ಸ್ ಟ್ಯಾಕ್ಸ್ ಇಲ್ಲ. ಮಿನೆಸೋಟದಲ್ಲೂ ಇಲ್ಲ. ಟೆಕ್ಸಾಸ್‌ನಲ್ಲಿ ರಾಜ್ಯದ್ದು ಶೇ. 6.25, ಸ್ಥಳೀಯವಾಗಿ ಇನ್ನು ಶೇ. 2ರವರೆಗೆ ಸೇರಬಹುದು. ದರ ಶೇ. 8.25 ಇರುವ ಊರಲ್ಲಿ ಆ ಸೀರೆಗೆ 33 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಬಟ್ಟೆಗೆ ವಿನಾಯಿತಿ ಇಲ್ಲ. ರಾಜ್ಯವ್ಯಾಪಿ ದರ ಶೇ. 7.25, ಅಂದರೆ ಕನಿಷ್ಠ 29 ಡಾಲರ್. ಬೇ ಏರಿಯಾದಲ್ಲಿ ಸ್ಥಳೀಯ ತೆರಿಗೆ ಸೇರಿ ಅದಕ್ಕಿಂತ ಎಷ್ಟೋ ಜಾಸ್ತಿ, ಕೆಲವು ಊರುಗಳಲ್ಲಿ ಶೇ. 10 ದಾಟುತ್ತದೆ.

ನ್ಯೂಯಾರ್ಕ್ ನಗರದಲ್ಲಿ 110 ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆಗೆ ಟ್ಯಾಕ್ಸ್ ಇಲ್ಲ, ಅದನ್ನು ಮುಟ್ಟಿದರೆ ಪೂರ್ತಿ ಬೆಲೆಗೆ ಶೇ. 8.875. ನಮ್ಮ ಸೀರೆಗೆ 35.50 ಡಾಲರ್ ಆಯಿತು. ಮ್ಯಾಸಚೂಸೆಟ್ಸ್‌ನವರ ಲೆಕ್ಕವೇ ಬೇರೆ: ಮೊದಲ 175 ಡಾಲರ್ ಬಿಟ್ಟು ಉಳಿದದ್ದಕ್ಕೆ ಮಾತ್ರ ಶೇ. 6.25. ಅಂದರೆ 225 ಡಾಲರ್‌ಗೆ 14 ಡಾಲರ್ 6 ಸೆಂಟ್. ಈ ಎರಡು ನಿಯಮಗಳಲ್ಲಿ ಮ್ಯಾಸಚೂಸೆಟ್ಸ್‌ನದ್ದೇ ನನಗೆ ನ್ಯಾಯ ಅನ್ನಿಸುತ್ತದೆ. ಒಂದು ಡಾಲರ್ ಹೆಚ್ಚಾಯಿತು ಅಂತ ಪೂರ್ತಿ ಬೆಲೆಗೆ ಹಾಕುವುದು ಯಾವ ಲೆಕ್ಕ ಹೇಳಿ.

ನ್ಯೂಜೆರ್ಸಿಯವರೂ ಹಿಗ್ಗಬೇಡಿ. ಅದೇ ಪಾರ್ಸೆಲ್‌ನಲ್ಲಿ ಬೆಳ್ಳಿ ದೀಪವೋ ಒಂದು ಜೊತೆ ಜುಮುಕಿಯೋ ಇದ್ದರೆ ಅದಕ್ಕೆ ಶೇ. 6.625 ಇದ್ದೇ ಇದೆ. 300 ಡಾಲರ್‌ನ ದೀಪಕ್ಕೆ 19 ಡಾಲರ್ 88 ಸೆಂಟ್.

ತಿನ್ನುವ ಸಾಮಾನಿನ ಕತೆ ಇನ್ನೂ ಮಜವಾಗಿದೆ. ಅಕ್ಕಿ, ಬೇಳೆ, ರವೆ ಇಂಥದ್ದಕ್ಕೆ ಬಹಳ ರಾಜ್ಯಗಳಲ್ಲಿ ಟ್ಯಾಕ್ಸ್ ಇಲ್ಲ, ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ ಮೂರರಲ್ಲೂ ಇಲ್ಲ. ಆದರೆ ನ್ಯೂಜೆರ್ಸಿ ಮತ್ತು ಟೆಕ್ಸಾಸ್‌ನಲ್ಲಿ ಕ್ಯಾಂಡಿಗೆ ಟ್ಯಾಕ್ಸ್ ಇದೆ. ಸಿಹಿತಿಂಡಿ ಕ್ಯಾಂಡಿನಾ ಅಲ್ಲವಾ? ನ್ಯೂಜೆರ್ಸಿಯೂ ಸೇರಿ ಹಲವು ರಾಜ್ಯಗಳು ಒಪ್ಪಿಕೊಂಡಿರುವ ನಿಯಮದಲ್ಲಿ ಹಿಟ್ಟು ಸೇರಿದ್ದು ಕ್ಯಾಂಡಿ ಅಲ್ಲ, ಆದರೆ ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ‘ಫ್ಲೋರ್’ ಅಂತ ಬರೆದಿರಬೇಕು. ಅಕ್ಷರ ಹಿಡಿದು ಓದಿದರೆ ಕಡಲೆಹಿಟ್ಟಿನ ಮೈಸೂರ್‌ಪಾಕ್ ಒಂದು ಕಡೆ, ಕೊಬ್ಬರಿ ಮಿಠಾಯಿ ಇನ್ನೊಂದು ಕಡೆ ಬೀಳುತ್ತವೆ. ಇದನ್ನು ಕಟ್ಟಿಕೊಂಡು ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ, ಎರಡು ಡಬ್ಬಿ ಸಿಹಿಗೆ ಬರುವುದು ಒಂದೋ ಎರಡೋ ಡಾಲರ್. ಆದರೆ ಅಂಗಡಿಯ ಬಿಲ್ಲಿನಲ್ಲಿ ಒಂದಕ್ಕೆ ಹಾಕಿ ಇನ್ನೊಂದಕ್ಕೆ ಹಾಕದೆ ಬಿಟ್ಟಿದ್ದರೆ ಯಾಕೆ ಅಂತ ಗೊತ್ತಿರಲಿ.

ಡೌನ್‌ಲೋಡ್ ಮಾಡಿಕೊಳ್ಳುವ ಪುಸ್ತಕ, ಸಾಫ್ಟ್‌ವೇರ್‌ಗೆ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಟೆಕ್ಸಾಸ್, ವಾಷಿಂಗ್ಟನ್‌ನಲ್ಲಿ ಇದೆ.

ದರ ನೋಡುವಾಗ ಪಿನ್‌ಕೋಡ್ ನಂಬಬೇಡಿ

ಹೊರರಾಜ್ಯದಿಂದ ಬಂದ ವಸ್ತುವಿಗೆ ನಿಮ್ಮ ಮನೆ ವಿಳಾಸದ ದರ. ಜಿಪ್ ಕೋಡ್ ಹಾಕಿ ದರ ಹೇಳುವ ಸೈಟುಗಳು ಬೇಕಾದಷ್ಟಿವೆ. ಅವು ತಪ್ಪು ಹೇಳುವುದೂ ಉಂಟು. ಜಿಪ್ ಕೋಡ್ ಮಾಡಿರುವುದು ಅಂಚೆ ಹಂಚುವವರ ಅನುಕೂಲಕ್ಕೆ, ನಗರದ ಗಡಿಗೂ ಅದಕ್ಕೂ ಹೊಂದಿಕೆ ಇರುವುದಿಲ್ಲ. ಒಂದೇ ಜಿಪ್‌ನಲ್ಲಿ ರಸ್ತೆಯ ಆಚೆ ಬದಿ ಒಂದು ನಗರ, ಈಚೆ ಬದಿ ಇನ್ನೊಂದು ಆಗಿರಬಹುದು. ರಾಜ್ಯದ ತೆರಿಗೆ ಇಲಾಖೆಯ ಸೈಟಿನಲ್ಲೇ ಪೂರ್ತಿ ವಿಳಾಸ ಹಾಕಿ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಸಿಡಿಟಿಎಫ್‌ಎ ಸೈಟು, ವಾಷಿಂಗ್ಟನ್‌ನಲ್ಲಿ ಡಿಪಾರ್ಟ್‌ಮೆಂಟ್ ಆಫ್ ರೆವೆನ್ಯೂ. ನ್ಯೂಜೆರ್ಸಿಯವರಿಗೆ ಈ ತಲೆನೋವೇ ಇಲ್ಲ, ಇಡೀ ರಾಜ್ಯಕ್ಕೆ ಒಂದೇ ದರ ಅಂದುಕೊಂಡರೆ ಸಾಕು.

ಕಳಿಸುವ ಖರ್ಚಿಗೂ ಟ್ಯಾಕ್ಸ್ ಇದೆಯಾ ಅಂತ ನೋಡಿ. ಟೆಕ್ಸಾಸ್, ನ್ಯೂಜೆರ್ಸಿ, ನ್ಯೂಯಾರ್ಕ್‌ನಲ್ಲಿ ವಸ್ತುವಿಗೆ ಟ್ಯಾಕ್ಸ್ ಇದ್ದರೆ ಶಿಪ್ಪಿಂಗ್‌ಗೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಶಿಪ್ಪಿಂಗ್ ಖರ್ಚನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿ, ಅಂಚೆ ಅಥವಾ ಕೊರಿಯರ್‌ಗೆ ನಿಜವಾಗಿ ತಗುಲಿದಷ್ಟೇ ಹಾಕಿದ್ದರೆ ಅದಕ್ಕೆ ಟ್ಯಾಕ್ಸ್ ಇಲ್ಲ. ‘ಹ್ಯಾಂಡ್ಲಿಂಗ್’ ಅಂತ ಹಾಕಿದ್ದಕ್ಕೆ ಇದೆ.

ಟೆಕ್ಸಾಸ್‌ನಲ್ಲಿ ಆಗಸ್ಟ್‌ನ ಒಂದು ವೀಕೆಂಡ್ ಶಾಲೆ ಶುರುವಾಗುವ ಮುಂಚೆ ನೂರು ಡಾಲರ್‌ಗಿಂತ ಕಡಿಮೆ ಬೆಲೆಯ ಬಟ್ಟೆ, ಶೂ, ಶಾಲೆಯ ಬ್ಯಾಗಿಗೆ ಟ್ಯಾಕ್ಸ್ ಇರುವುದಿಲ್ಲ, ಆನ್‌ಲೈನ್‌ಗೂ ಅನ್ವಯ. ಆದರೆ ಶಿಪ್ಪಿಂಗ್ ಕೂಡ ಬೆಲೆಯೊಳಗೇ ಸೇರುತ್ತದೆ. 95 ಡಾಲರ್ ಜೀನ್ಸ್‌ಗೆ 10 ಡಾಲರ್ ಶಿಪ್ಪಿಂಗ್ ಬಿದ್ದರೆ 105 ಆಯಿತು, ಪೂರ್ತಿ 105ಕ್ಕೂ ಟ್ಯಾಕ್ಸ್. ಆ ವಾರ ಅಂಗಡಿಗೆ ಹೋಗಿ ತರುವುದೇ ಮೇಲು.

ಬೇರೆ ರಾಜ್ಯದಲ್ಲಿ ಆಗಲೇ ಸೇಲ್ಸ್ ಟ್ಯಾಕ್ಸ್ ಕೊಟ್ಟಿದ್ದರೆ ಅದನ್ನು ನಿಮ್ಮ ರಾಜ್ಯಕ್ಕೆ ಕಟ್ಟಬೇಕಾದದ್ದರಿಂದ ಕಳೆಯಬಹುದು. ಪೆನ್ಸಿಲ್ವೇನಿಯಾದಲ್ಲಿ ಶೇ. 6 ಕೊಟ್ಟು 1,200 ಡಾಲರ್‌ನ ಲ್ಯಾಪ್‌ಟಾಪ್ ಕೊಂಡು ನ್ಯೂಜೆರ್ಸಿಯ ಮನೆಗೆ ತಂದಿರಿ ಅನ್ನಿ. ಅಲ್ಲಿ 72 ಕೊಟ್ಟಿದ್ದೀರಿ, ನ್ಯೂಜೆರ್ಸಿ ಲೆಕ್ಕಕ್ಕೆ 79.50, ಬಾಕಿ ಏಳೂವರೆ ಡಾಲರ್. ಅದನ್ನೇ ಡೆಲವೇರ್‌ನಿಂದ ತಂದಿದ್ದರೆ ಪೂರ್ತಿ 79.50.

ಊರಿನಿಂದ ತರಿಸಿದ್ದು, ಊರಿನಿಂದ ತಂದದ್ದು

ಇದು ನಮ್ಮವರಿಗೆ ಅತಿ ಮುಖ್ಯ, ಯಾಕೆಂದರೆ ಇಲ್ಲಿ ಎರಡು ಬೇರೆ ಬೇರೆ ತೆರಿಗೆಗಳನ್ನು ಒಂದೇ ಅಂತ ಅಂದುಕೊಳ್ಳುತ್ತೇವೆ. ಕೊರಿಯರ್‌ನವರು ಕೈಗೆ ಪಾರ್ಸೆಲ್ ಕೊಡುವ ಮುಂಚೆ ವಸೂಲಿ ಮಾಡುವುದು ಕಸ್ಟಮ್ಸ್ ಸುಂಕ, ಅದು ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ. ಮೊದಲು 800 ಡಾಲರ್ ಒಳಗಿನ ಪಾರ್ಸೆಲ್ ಸುಂಕ ಇಲ್ಲದೆ ಬರುತ್ತಿತ್ತು, 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿತು, ಅಲ್ಲಿಂದಾಚೆಗೆ ಊರಿನಿಂದ ಚಿಕ್ಕ ಪಾರ್ಸೆಲ್ ತರಿಸಿದವರಿಗೂ ಇದರ ಬಿಸಿ ತಟ್ಟಿದೆ. ‘ಸುಂಕ ಕಟ್ಟಿದೆನಲ್ಲ, ಇನ್ನೇನು’ ಅಂತ ಕೇಳಬೇಡಿ. ರಾಜ್ಯದ ಯೂಸ್ ಟ್ಯಾಕ್ಸ್ ಬೇರೆ, ಸುಂಕ ಕಟ್ಟಿದರೂ ಅದು ಹಾಗೇ ಉಳಿದಿರುತ್ತದೆ.

ಸೂಟ್‌ಕೇಸಿನಲ್ಲಿ ತಂದದ್ದಕ್ಕೂ ಉಂಟು. ಕ್ಯಾಲಿಫೋರ್ನಿಯಾದ ನಿಯಮ ಇಲ್ಲಿ ಸ್ವಲ್ಪ ಉದಾರ: ಹೊರದೇಶದಲ್ಲಿ ಕೊಂಡು ಸ್ವತಃ ಜೊತೆಯಲ್ಲಿ ತಂದ ವಸ್ತುಗಳಲ್ಲಿ, ಒಬ್ಬರಿಗೆ 30 ದಿನದ ಅವಧಿಯಲ್ಲಿ ಮೊದಲ 800 ಡಾಲರ್‌ಗೆ ಯೂಸ್ ಟ್ಯಾಕ್ಸ್ ಇಲ್ಲ. ಗಮನಿಸಿ, ಜೊತೆಯಲ್ಲಿ ತಂದದ್ದಕ್ಕೆ ಮಾತ್ರ. ಅದೇ ಸಾಮಾನನ್ನು ಅಂಗಡಿಯವರ ಕೈಯಲ್ಲಿ ಪಾರ್ಸೆಲ್ ಮಾಡಿಸಿ ಬಂದರೆ ಈ ರಿಯಾಯಿತಿ ಸಿಗುವುದಿಲ್ಲ. ಮದುವೆಗೆ ಅಂತ ಊರಿಗೆ ಹೋಗಿ ಚಿನ್ನ ತಂದು ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ಗೆ ಘೋಷಿಸಿದವರಿಗೆ, ತಿಂಗಳುಗಳು ಕಳೆದ ಮೇಲೆ ರಾಜ್ಯದ ಇಲಾಖೆಯಿಂದ ಪತ್ರ ಬಂದರೆ ಆಶ್ಚರ್ಯಪಡಬೇಡಿ. ಕಸ್ಟಮ್ಸ್ ಘೋಷಣೆಯ ಮಾಹಿತಿ ಕ್ಯಾಲಿಫೋರ್ನಿಯಾದ ತೆರಿಗೆ ಇಲಾಖೆಗೆ ಹೋಗುತ್ತದೆ.

ಇದರ ತಿರುಗುಮುರುಗು ಒಂದಿದೆ. ಬೆಂಗಳೂರಿನಲ್ಲಿ ಇದ್ದುಕೊಂಡು ಅಮೆರಿಕದ ಸೈಟಿನಿಂದ ತರಿಸುವವರು ಪಾರ್ಸೆಲ್ ಮುಂದಕ್ಕೆ ಕಳಿಸುವ ಕಂಪನಿಗಳ ವಿಳಾಸ ಕೊಡುತ್ತಾರಲ್ಲ, ಆ ಗೋದಾಮುಗಳು ಎಷ್ಟೋ ಡೆಲವೇರ್, ಆರೆಗಾನ್‌ನಲ್ಲೇ ಇರುವುದು ಸುಮ್ನೆ ಅಲ್ಲ. ಅಲ್ಲಿಗೆ ಕಳಿಸಿದರೆ ಸೇಲ್ಸ್ ಟ್ಯಾಕ್ಸ್ ಬೀಳುವುದಿಲ್ಲ. ಭಾರತದ ಕಸ್ಟಮ್ಸ್ ಮಾತ್ರ ತಪ್ಪುವುದಿಲ್ಲ.

ಕಟ್ಟುವುದು ಎಲ್ಲಿ, ಹೇಗೆ

ಇನ್‌ಕಮ್ ಟ್ಯಾಕ್ಸ್ ಇರುವ ರಾಜ್ಯದಲ್ಲಿದ್ದರೆ ಸುಲಭ, ಸಾಮಾನ್ಯವಾಗಿ ರಾಜ್ಯದ ರಿಟರ್ನ್‌ನಲ್ಲೇ ಇದಕ್ಕೆ ಒಂದು ಸಾಲು ಇರುತ್ತದೆ. ಟರ್ಬೋಟ್ಯಾಕ್ಸ್ ಥರದ ಸಾಫ್ಟ್‌ವೇರ್‌ನಲ್ಲಿ ರಾಜ್ಯದ ಭಾಗಕ್ಕೆ ಬಂದಾಗ ಹೊರರಾಜ್ಯದಿಂದ ಟ್ಯಾಕ್ಸ್ ಕೊಡದೆ ಏನಾದರೂ ಕೊಂಡಿದ್ದೀರಾ ಅಂತ ಕೇಳುತ್ತದೆ. ಅಷ್ಟು ಹೊತ್ತಿಗೆ ಎಲ್ಲರಿಗೂ ಸಾಕಾಗಿರುತ್ತದೆ, ಕಣ್ಣುಮುಚ್ಚಿ ‘ಇಲ್ಲ’ ಒತ್ತಿಬಿಡುತ್ತಾರೆ. ರಿಟರ್ನ್ ಮಾಡಿಕೊಡುವ ಸಿಪಿಎ ಕೇಳಿದರೂ ಅದೇ ಉತ್ತರ. ನೆನಪಿರಲಿ, ಆ ರಿಟರ್ನ್‌ಗೆ ಸಹಿ ಹಾಕುವುದು ಎಲ್ಲವೂ ನಿಜ ಅಂತ ಪ್ರಮಾಣ ಮಾಡಿ. ವೀಸಾ, ಗ್ರೀನ್ ಕಾರ್ಡ್ ಅಂತ ಪ್ರತಿ ಕಾಗದವನ್ನೂ ಜೋಪಾನ ಮಾಡುವ ನಾವು ಮೂವತ್ತು ಡಾಲರ್ ಉಳಿಸಲು ಅಲ್ಲಿ ಸುಳ್ಳು ಹೇಳುವುದರಲ್ಲಿ ಅರ್ಥವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಫಾರ್ಮ್ 540ರಲ್ಲಿ ಯೂಸ್ ಟ್ಯಾಕ್ಸ್ ಸಾಲು ಇದೆ. ಖಾಲಿ ಬಿಡುವ ಹಾಗಿಲ್ಲ, ಸೊನ್ನೆ ಅಂತ ಹಾಕಿದರೆ ಯಾಕೆ ಸೊನ್ನೆ ಅಂತ ಒಂದು ಚೌಕಕ್ಕೆ ಗುರುತು ಹಾಕಬೇಕು: ಕಟ್ಟಬೇಕಾದದ್ದು ಏನೂ ಇಲ್ಲವೋ, ಅಥವಾ ಸಿಡಿಟಿಎಫ್‌ಎಗೆ ನೇರವಾಗಿ ಕಟ್ಟಿದ್ದೀರೋ. ಎಲ್ಲ ರಸೀದಿ ಕೂಡಿಸುವಷ್ಟು ತಾಳ್ಮೆ ಇಲ್ಲದವರಿಗೆ ಅವರೇ ಒಂದು ಕೋಷ್ಟಕ ಕೊಟ್ಟಿದ್ದಾರೆ. ನಿಮ್ಮ ಆದಾಯ ಎಷ್ಟು ಅಂತ ನೋಡಿ ಎದುರಿಗಿರುವ ಮೊತ್ತ ಬರೆದರೆ ಮುಗಿಯಿತು. ಇದು ಒಂದೊಂದೂ ಸಾವಿರ ಡಾಲರ್‌ಗಿಂತ ಕಡಿಮೆ ಬೆಲೆಯ, ಮನೆಬಳಕೆಯ ವಸ್ತುಗಳಿಗೆ ಮಾತ್ರ. ಸಾವಿರ ಮತ್ತು ಅದರ ಮೇಲಿನದ್ದಕ್ಕೆ ನಿಜವಾದ ಲೆಕ್ಕ ಮಾಡಿ ಸೇರಿಸಬೇಕು. ಬಿಸಿನೆಸ್‌ಗೆ ಕೊಂಡದ್ದಕ್ಕೆ ಕೋಷ್ಟಕ ನಡೆಯುವುದಿಲ್ಲ.

ನ್ಯೂಜೆರ್ಸಿಯ ಎನ್‌ಜೆ-1040ರಲ್ಲೂ ಸಾಲು ಇದೆ, ಅಲ್ಲೂ ಇಂಥದೇ ಕೋಷ್ಟಕ, ಮಿತಿಯೂ ಸಾವಿರ ಡಾಲರ್. ನ್ಯೂಯಾರ್ಕ್‌ನ ಐಟಿ-201ರಲ್ಲಿ 59ನೇ ಸಾಲು, ‘ಖಾಲಿ ಬಿಡಬೇಡಿ’ ಅಂತ ಫಾರ್ಮಿನಲ್ಲೇ ಅಚ್ಚು ಹಾಕಿದ್ದಾರೆ. ಕೋಷ್ಟಕ ಬಳಸಬೇಕೋ ಲೆಕ್ಕ ಹಾಕಬೇಕೋ? ವರ್ಷಕ್ಕೆ ಒಂದೆರಡು ಪಾರ್ಸೆಲ್ ಮಾತ್ರ ಬಂದಿದ್ದರೆ, ಅದರಲ್ಲೂ ನ್ಯೂಜೆರ್ಸಿಯಂಥ ಕಡೆ ಬರೀ ಬಟ್ಟೆ ಬಂದಿದ್ದರೆ, ನಿಜವಾದ ಲೆಕ್ಕವೇ ಕಡಿಮೆ ಆಗುತ್ತದೆ. ತಿಂಗಳು ತಿಂಗಳು ತರಿಸುವವರಿಗೆ ಕೋಷ್ಟಕ ಲಾಭ. ನಾನಾದರೆ ಮೊದಲು ರಸೀದಿ ಕೂಡಿಸಿ ನೋಡುತ್ತೇನೆ.

ಟೆಕ್ಸಾಸ್, ವಾಷಿಂಗ್ಟನ್‌ನಲ್ಲಿ ಸಂಬಳದ ಮೇಲೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಆ ರಿಟರ್ನೂ ಇಲ್ಲ. ಅಲ್ಲಿನವರಿಗೆ ನೆನಪಿಸುವವರೇ ಯಾರೂ ಇಲ್ಲ. ಟೆಕ್ಸಾಸ್‌ನಲ್ಲಿ ರಾಜ್ಯದ ತೆರಿಗೆ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಯ 01-156 ಅನ್ನುವ ಫಾರ್ಮ್ ತುಂಬಬೇಕು. ವಾಷಿಂಗ್ಟನ್‌ನಲ್ಲಿ ಕನ್ಸ್ಯೂಮರ್ ಯೂಸ್ ಟ್ಯಾಕ್ಸ್ ರಿಟರ್ನ್ ಅಂತ ಪ್ರತ್ಯೇಕವಾಗಿದೆ, ಆನ್‌ಲೈನ್‌ನಲ್ಲೇ ತುಂಬಬಹುದು. ಕಾರು, ದೋಣಿ ಇಂಥವಕ್ಕೆ ಈ ಯಾವ ಸಾಲೂ ಬೇಡ. ಬೇರೆ ರಾಜ್ಯದಿಂದ ಕಾರು ತಂದು ರಿಜಿಸ್ಟ್ರೇಷನ್‌ಗೆ ಹೋದಾಗ ಅಲ್ಲೇ ವಸೂಲಿ ಮಾಡುತ್ತಾರೆ, ಕೊಂಡ ಬಿಲ್ ಮತ್ತು ಅಲ್ಲಿ ಟ್ಯಾಕ್ಸ್ ಕೊಟ್ಟ ದಾಖಲೆ ಕೈಯಲ್ಲಿರಲಿ.

ಜಾಸ್ತಿ ಹಿಡಿದಿದ್ದರೆ

ಇದೂ ಆಗುತ್ತದೆ. ನ್ಯೂಜೆರ್ಸಿ ವಿಳಾಸಕ್ಕೆ ಕಳಿಸಿದ ಸೀರೆಯನ್ನು ಸೈಟು ‘ಬಟ್ಟೆ’ ಅಂತ ಗುರುತಿಸದೆ ಟ್ಯಾಕ್ಸ್ ಹಾಕಿರುತ್ತದೆ, ಅಥವಾ ನಿಮ್ಮ ಮನೆಯನ್ನು ಪಕ್ಕದ ಊರಿಗೆ ಸೇರಿಸಿ ಆ ಊರಿನ ದರ ಹಿಡಿದಿರುತ್ತದೆ. ಮೊದಲು ಮಾರಿದವರನ್ನೇ ಕೇಳಿ. ರಾಜ್ಯದ ಸೈಟಿನಲ್ಲಿ ನಿಮ್ಮ ವಿಳಾಸದ ದರ ತೋರಿಸುವ ಪುಟದ ಚಿತ್ರವನ್ನೋ ಆ ವಸ್ತುವಿಗೆ ವಿನಾಯಿತಿ ಇದೆ ಅನ್ನುವ ಪುಟವನ್ನೋ ಜೊತೆಗೆ ಕಳಿಸಿ, ಸುಮ್ನೆ ‘ಟ್ಯಾಕ್ಸ್ ತಪ್ಪು’ ಅಂತ ಚಾಟ್‌ನಲ್ಲಿ ಬರೆದರೆ ಆ ಕಡೆಯವರಿಗೆ ಅರ್ಥವಾಗುವುದಿಲ್ಲ. ಅವರು ಒಪ್ಪದಿದ್ದರೆ ನ್ಯೂಜೆರ್ಸಿಯಲ್ಲಿ ಎ-3730, ನ್ಯೂಯಾರ್ಕ್‌ನಲ್ಲಿ ಎಯು-11 ಫಾರ್ಮ್ ಹಾಕಿ ರಾಜ್ಯದಿಂದಲೇ ವಾಪಸ್ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಆ ದಾರಿ ಇಲ್ಲ, ಸೇಲ್ಸ್ ಟ್ಯಾಕ್ಸ್ ವಾಪಸ್ ಕೇಳುವ ಹಕ್ಕು ಇರುವುದು ಅದನ್ನು ರಾಜ್ಯಕ್ಕೆ ಕಟ್ಟಿದ ಅಂಗಡಿಯವರಿಗೆ. ವಸ್ತು ವಾಪಸ್ ಮಾಡಿದಾಗ ಬೆಲೆಯ ಜೊತೆ ಟ್ಯಾಕ್ಸೂ ಬಂತಾ ಅಂತ ನೋಡಿಕೊಳ್ಳಿ. ಗಿಫ್ಟ್ ಕಾರ್ಡ್ ಕೊಳ್ಳುವಾಗ ಟ್ಯಾಕ್ಸ್ ಇಲ್ಲ, ಅದನ್ನು ಖರ್ಚು ಮಾಡುವಾಗ ಇದೆ. ಎರಡೂ ಸಲ ಹಾಕಿದ್ದರೆ ತಪ್ಪು.

ಕೊನೆಯದಾಗಿ ಟೆಕ್ಸಾಸ್, ವಾಷಿಂಗ್ಟನ್‌ನವರಿಗೆ ಒಂದು ಮಾತು. ಫೆಡರಲ್ ರಿಟರ್ನ್‌ನಲ್ಲಿ ಖರ್ಚುಗಳನ್ನು ಒಂದೊಂದಾಗಿ ತೋರಿಸುವವರು ರಾಜ್ಯದ ಇನ್‌ಕಮ್ ಟ್ಯಾಕ್ಸ್ ಬದಲು ಸೇಲ್ಸ್ ಟ್ಯಾಕ್ಸನ್ನು ಆದಾಯದಿಂದ ಕಳೆಯಬಹುದು, ಕಟ್ಟಿದ ಯೂಸ್ ಟ್ಯಾಕ್ಸ್ ಕೂಡ ಅದರಲ್ಲಿ ಸೇರುತ್ತದೆ. ಪ್ರಾಪರ್ಟಿ ಟ್ಯಾಕ್ಸೂ ಸೇರಿ ಇದಕ್ಕಿದ್ದ ಹತ್ತು ಸಾವಿರ ಡಾಲರ್ ಮಿತಿಯನ್ನು 2025ನೇ ವರ್ಷಕ್ಕೆ 40,000ಕ್ಕೆ ಏರಿಸಿದ್ದಾರೆ, ಆದಾಯ ಬಹಳ ಜಾಸ್ತಿ ಇದ್ದರೆ ಅದು ಕಡಿಮೆಯಾಗುತ್ತಾ ಬರುತ್ತದೆ. ಸ್ಟಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವವರಿಗೆ ಇದರಿಂದ ಪ್ರಯೋಜನವಿಲ್ಲ. ಉಳಿದವರಿಗೆ ಕೇಂದ್ರದ ತೆರಿಗೆ ಇಲಾಖೆಯಾದ ಐಆರ್‌ಎಸ್ ಸೈಟಿನಲ್ಲಿ ಸೇಲ್ಸ್ ಟ್ಯಾಕ್ಸ್ ಲೆಕ್ಕ ಹಾಕಿಕೊಡುವ ಕ್ಯಾಲ್ಕುಲೇಟರ್ ಇದೆ, ಆದಾಯ ಮತ್ತು ಜಿಪ್ ಕೋಡ್ ಹಾಕಿ ನೋಡಿ. ಆ ವರ್ಷ ಕಾರು ಕೊಂಡಿದ್ದರೆ ಅದರ ಟ್ಯಾಕ್ಸನ್ನು ಮೇಲೆ ಸೇರಿಸಿಕೊಳ್ಳಲು ಮರೆಯಬೇಡಿ.